ತುರ್ಕಿ ದೇಶ, ಟರ್ಕಿ ಕೋಳಿ ಮತ್ತು ನಾವು: ಹೆಸರುಗಳ ಹಿಂದಿನ ಚರಿತ್ರೆ

2022ರ ಜೂನ್ ತಿಂಗಳ ಆರಂಭದಲ್ಲಿ ವಿಶ್ವಸಂಸ್ಥೆಯ ಕಡತಗಳಲ್ಲಿ ಒಂದು ದೇಶದ ಹೆಸರು ಬದಲಾಯಿತು. ಅಲ್ಲಿಯವರೆಗೆ 'ಟರ್ಕಿ' ಎಂದು ಬರೆಯಲಾಗುತ್ತಿದ್ದ ರಾಷ್ಟ್ರ, ಅದರ ಸರಕಾರದ ಕೋರಿಕೆಯಂತೆ, 'ತುರ್ಕಿಯೆ' ಎಂದಾಯಿತು. ಅಲ್ಲಿನ ಜನ ತಮ್ಮ ಭಾಷೆಯಲ್ಲಿ ತಮ್ಮ ದೇಶವನ್ನು ಮೊದಲಿನಿಂದಲೂ ಕರೆಯುತ್ತಿದ್ದುದು ಹಾಗೆಯೇ. ಇಂಗ್ಲಿಷಿನ ಹೆಸರು ಅವರಿಗೆ ಬೇಡವಾಗಲು ಹಲವು ಕಾರಣಗಳಿದ್ದವು. ಅವುಗಳಲ್ಲಿ ಒಂದು ಮಾತ್ರ ಜಗತ್ತಿನ ಗಮನ ಸೆಳೆಯಿತು: ಆ ಹೆಸರನ್ನು ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿದರೆ ಕ್ರಿಸ್ಮಸ್ ಊಟಕ್ಕೆ ಕೊಯ್ಯುವ ದೊಡ್ಡ ಕೋಳಿಯೂ, ಪೆದ್ದ ಎಂಬ ಬೈಗುಳವೂ ಸಿಗುತ್ತವೆ.

ಆಗ ಇದು ಹಲವರಿಗೆ ನಗೆಯ ಸುದ್ದಿಯಾಗಿತ್ತು. ಆದರೆ 2025ರಲ್ಲಿ ತುರ್ಕಿ ನಮ್ಮ ನಡುವೆ ಎರಡು ಬಾರಿ ಗಂಭೀರ ಸುದ್ದಿಯಾಯಿತು. ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ವೇಳೆ ಅದು ಪಾಕಿಸ್ತಾನದ ಪರ ನಿಂತಿತು; ನಮ್ಮ ದೇಶದಲ್ಲಿ ತುರ್ಕಿ ಬಹಿಷ್ಕಾರದ ಕೂಗೆದ್ದಿತು. ನವೆಂಬರ್ 27ರಂದು ಜಗದ್ಗುರು ಪೋಪ್ 14ನೇ ಲಿಯೋ ತಮ್ಮ ಮೊದಲ ವಿದೇಶ ಪ್ರವಾಸಕ್ಕಾಗಿ ಅದೇ ತುರ್ಕಿಯ ರಾಜಧಾನಿ ಅಂಕಾರಾದಲ್ಲಿ ಇಳಿದರು. ಒಂದೇ ದೇಶ ಒಂದು ಸುದ್ದಿಯಲ್ಲಿ ಹಗೆಯಂತೆ, ಇನ್ನೊಂದರಲ್ಲಿ ಯಾತ್ರಾಸ್ಥಳದಂತೆ ಕಂಡಿತು. ಈ ದೇಶ ಯಾವುದು, ಅದರ ಹೆಸರು ಒಂದು ಹಕ್ಕಿಗೆ ಹೇಗೆ ಬಂತು, ಮಂಗಳೂರಿಗೂ ಅದಕ್ಕೂ ಏನು ನಂಟು ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು. ಏಕೆಂದರೆ ದೂರದ ಹೆಸರೊಂದನ್ನು ಹತ್ತಿರದವರ ಮೇಲೆ ಹೊರಿಸುವ ಚಟ ನಮ್ಮ ಊರಿನಲ್ಲೂ ಇದೆ. ಅದರ ಬೆಲೆಯನ್ನು ನಾವು ತೆತ್ತಿದ್ದೇವೆ ಕೂಡ.

ಕೋಳಿಗೆ ದೇಶದ ಹೆಸರು ಬಂದ ಬಗೆ

ಟರ್ಕಿ ಕೋಳಿಗೂ ತುರ್ಕಿ ದೇಶಕ್ಕೂ ಹುಟ್ಟಿನ ಸಂಬಂಧವೇ ಇಲ್ಲ. ಅದು ಅಮೆರಿಕ ಖಂಡದ ಹಕ್ಕಿ. ಮೆಕ್ಸಿಕೊದ ಮೂಲನಿವಾಸಿಗಳು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅದನ್ನು ಪಳಗಿಸಿ ಮನೆಯಂಗಳದಲ್ಲಿ ಸಾಕುತ್ತಿದ್ದರು. ಅವರ ಭಾಷೆಯಿಂದ ಬಂದ 'ಗ್ವಾಹೊಲೋಟೆ' ಎಂಬ ಹೆಸರು ಇಂದಿಗೂ ಮೆಕ್ಸಿಕೊದಲ್ಲಿ ಬಳಕೆಯಲ್ಲಿದೆ. 16ನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಈ ಹಕ್ಕಿಯನ್ನು ಯುರೋಪಿಗೆ ಒಯ್ದರು.

ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ ಆಫ್ರಿಕಾ ಮೂಲದ ಗಿನಿ ಕೋಳಿ ಪರಿಚಿತವಾಗಿತ್ತು. ತುರ್ಕರ ಆಳ್ವಿಕೆಯ ನಾಡುಗಳ ಮೂಲಕ ವ್ಯಾಪಾರಿಗಳು ಅದನ್ನು ತರುತ್ತಿದ್ದುದರಿಂದ ಅದಕ್ಕೆ 'ತುರ್ಕಿಯ ಕೋಳಿ' ಎಂಬ ಹೆಸರು ಬಿದ್ದಿತ್ತು. ಮೆಕ್ಸಿಕೊದ ಹೊಸ ಹಕ್ಕಿ ಬಂದಾಗ ಜನ ಎರಡನ್ನೂ ಬೆರೆಸಿದರು. ಕೊನೆಗೆ ಹೆಸರು ಹೊಸ ಹಕ್ಕಿಗೇ ಅಂಟಿಕೊಂಡಿತು. ತಂದವರ ಹೆಸರು ಸರಕಿಗೆ ಬಂತು, ಬೆಳೆಸಿದವರ ಹೆಸರು ಮರೆಯಾಯಿತು.

ತುರ್ಕಿಯವರು ಈ ಹಕ್ಕಿಯನ್ನು ಏನೆಂದು ಕರೆಯುತ್ತಾರೆ ಗೊತ್ತೇ? 'ಹಿಂದಿ' ಎಂದು, ಅಂದರೆ ಹಿಂದೂಸ್ಥಾನದ್ದು ಎಂದು! ಫ್ರೆಂಚರು ಅದನ್ನು 'ದಾಂದ್' ಎನ್ನುತ್ತಾರೆ. ಅದರ ಮೂಲ ಅರ್ಥವೂ 'ಇಂಡಿಯಾದ್ದು' ಎಂದೇ. ಡಚ್ಚರ 'ಕಾಲ್ಕೂನ್' ಎಂಬ ಹೆಸರಿನಲ್ಲಿ ನಮ್ಮ ಪಕ್ಕದ ಕಲ್ಲಿಕೋಟೆ ಅಡಗಿದೆ. ಡಚ್ಚರ ಆಳ್ವಿಕೆ ಕಂಡ ಶ್ರೀಲಂಕೆಯ ಸಿಂಹಳದಲ್ಲಿ ಅದೇ 'ಕಲುಕುಮ್' ಆಗಿದೆ. ಪೋರ್ಚುಗೀಸರು 'ಪೆರು' ಎಂದರು, ದಕ್ಷಿಣ ಅಮೆರಿಕದ ಪೆರು ದೇಶದ ಹೆಸರಿನಿಂದ. ಈಜಿಪ್ಟಿನ ಅರಬಿ ಮಾತಿನಲ್ಲಿ ಅದು 'ದೀಕ್ ರೂಮಿ', ರೂಮ್ ಸೀಮೆಯ ಹುಂಜ. ಕೊಲಂಬಸ್ ಅಮೆರಿಕವನ್ನೇ ಇಂಡಿಯಾ ಎಂದು ತಿಳಿದಿದ್ದರಿಂದ ಅರ್ಧ ಗೊಂದಲ ಹುಟ್ಟಿತು. ಉಳಿದರ್ಧ ಸಂತೆಯಲ್ಲಿ ಹುಟ್ಟಿತು. ಪ್ರತಿಯೊಬ್ಬರೂ ಹಕ್ಕಿಯನ್ನು ಬೇರೆಯವರ ಊರಿಗೆ ಸೇರಿಸಿದರು. ಮೆಕ್ಸಿಕೊದ ಹೆಸರನ್ನು ಮಾತ್ರ ಯಾರೂ ಇಡಲಿಲ್ಲ.

ನಮ್ಮ ಅಡುಗೆಮನೆಯಲ್ಲೂ ಇಂತಹ ಉದಾಹರಣೆಗಳಿವೆ. ಪಪ್ಪಾಯಿ ಅಮೆರಿಕದಿಂದ ಬಂದ ಹಣ್ಣು. ಘಟ್ಟದ ಮೇಲಿನವರಿಗೆ ಅದು 'ಪರಂಗಿ ಹಣ್ಣು', ಅಂದರೆ ಬಿಳಿಯರ ಹಣ್ಣು. ಇಟಲಿಯವರು ಮೆಕ್ಸಿಕೊದ ಜೋಳವನ್ನು 'ತುರ್ಕಿಯ ಧಾನ್ಯ' ಎನ್ನುತ್ತಾರೆ. ಮಂಗಳೂರಿನ ಹೆಸರನ್ನು ಲೋಕಕ್ಕೆ ಒಯ್ದ ಗೇರುಬೀಜವೂ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದೇ. ಇಂದು ಅದನ್ನು ಪರದೇಶದ ಬೆಳೆ ಎಂದು ಯಾರಾದರೂ ಹೇಳಿದರೆ ನಮಗೆ ನಗು ಬಂದೀತು.

ಭಾರತಕ್ಕೆ ಟರ್ಕಿ ಕೋಳಿ ಬಂದದ್ದು ನಮ್ಮ ಪಶ್ಚಿಮ ಕರಾವಳಿಯ ಮೂಲಕ. ಮೊಗಲ್ ಚಕ್ರವರ್ತಿ ಜಹಾಂಗೀರ್ ತನ್ನ ಅಧಿಕಾರಿ ಮುಕರ್ರಬ್ ಖಾನನನ್ನು ಗೋವೆಗೆ ಕಳುಹಿಸಿದ್ದ. ಆತ 1612ರಲ್ಲಿ ತಂದ ಅಪರೂಪದ ಪ್ರಾಣಿಪಕ್ಷಿಗಳಲ್ಲಿ ಇದೂ ಒಂದು. ಅದರ ತಲೆ ಮತ್ತು ಕತ್ತಿನ ಚರ್ಮ ಕ್ಷಣಕ್ಷಣಕ್ಕೂ ಬಣ್ಣ ಬದಲಿಸುವುದನ್ನು ಕಂಡು ಬೆರಗಾದ ಚಕ್ರವರ್ತಿ ತನ್ನ ಆತ್ಮಕಥೆಯಲ್ಲಿ ಅದನ್ನು ವರ್ಣಿಸಿದ. ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಚಿತ್ರ ಬರೆಸಿದ. ಆ ಚಿತ್ರ ಇಂದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಕ್ರಿಸ್ಮಸ್ ಸಮಯದಲ್ಲಿ ಈ ಕೋಳಿಯನ್ನು ಸಾಕುವ ವಿಚಾರ ನಮ್ಮವರಲ್ಲಿ ಕೆಲವರಿಗೆ ಬರುವುದುಂಟು. ಅಂಥವರಿಗೆ ಎರಡು ಮಾತು: ನಾಟಿಕೋಳಿಯ ಮೊಟ್ಟೆ 21 ದಿನಗಳಲ್ಲಿ ಮರಿಯಾದರೆ ಟರ್ಕಿಗೆ 28 ದಿನ ಬೇಕು. ಮರಿಗಳಿಗೆ ಮೊದಲ ವಾರಗಳಲ್ಲಿ ಬೆಚ್ಚಗಿನ ಜಾಗ ಬೇಕು. ತಾವಾಗಿ ತಿನ್ನಲು ಕಲಿಯುವುದು ನಿಧಾನವಾದ್ದರಿಂದ ತಿನ್ನಿಸಿ ಅಭ್ಯಾಸ ಮಾಡಿಸಬೇಕಾಗುತ್ತದೆ. ದೊಡ್ಡದಾದ ಮೇಲೆ ಹುಲ್ಲು, ಸೊಪ್ಪು ಚೆನ್ನಾಗಿ ಮೇಯುತ್ತದೆ. ಊರ ಕೋಳಿಗಳ ಜೊತೆ ಒಂದೇ ಗೂಡಿನಲ್ಲಿ ಬಿಡಬಾರದು. ಕೋಳಿಗೆ ಹೆಚ್ಚು ಬಾಧಿಸದ ಒಂದು ರೋಗ ಟರ್ಕಿಯ ಪಿತ್ತಜನಕಾಂಗಕ್ಕೆ ತಗಲಿ ಕೊಲ್ಲುತ್ತದೆ. ಹಾಗೆಂದು ನಮ್ಮ ಹಬ್ಬಕ್ಕೆ ಟರ್ಕಿ ಆಗಲೇಬೇಕೆಂದಿಲ್ಲ. ಕುಸ್ವಾರ್, ಸಾನ್ನಾಂ ಮತ್ತು ಮಾಂಸದ ಸಾರು ನಮ್ಮ ಹಬ್ಬಕ್ಕೆ ಎಂದೂ ಸಾಕಾಗಿವೆ.

ತುರ್ಕರು ಎಲ್ಲಿಂದ ಬಂದರು?

ಇನ್ನು ದೇಶದ ವಿಷಯಕ್ಕೆ ಬರೋಣ. ತುರ್ಕರು ಮೂಲತಃ ಮಧ್ಯ ಏಷ್ಯಾದ ಹುಲ್ಲುಗಾವಲುಗಳ ಕುದುರೆ ಸವಾರರು. ಅವರ ಭಾಷೆಯ ಹಳೆಯ ಶಾಸನಗಳು ಸಿಗುವುದು ಮಂಗೋಲಿಯಾದಲ್ಲಿ. ಅವು 8ನೇ ಶತಮಾನದವು. ಪಶ್ಚಿಮಕ್ಕೆ ಸರಿಯುತ್ತಾ ಇಸ್ಲಾಂ ಸ್ವೀಕರಿಸಿದ ಸೆಲ್ಜುಕ್ ತುರ್ಕರು 1071ರಲ್ಲಿ ಮಂಜಿಕರ್ಟ್ ಎಂಬಲ್ಲಿ ಬೈಜಾಂಟಿನ್ ಚಕ್ರವರ್ತಿಯನ್ನು ಸೋಲಿಸಿ ಅನಾತೋಲಿಯಾಕ್ಕೆ ಕಾಲಿಟ್ಟರು. ಆ ನಾಡು ಪೂರ್ವ ರೋಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಹೀಗಾಗಿ ಅರಬರು, ಪಾರಸಿಗಳು ಅದನ್ನು 'ರೂಮ್' ಎಂದೇ ಕರೆಯುತ್ತಿದ್ದರು. ತುರ್ಕರು ಗೆದ್ದ ಮೇಲೂ ಹೆಸರು ಬದಲಾಗಲಿಲ್ಲ, ತುರ್ಕರೇ 'ರೂಮಿ'ಗಳಾದರು. ಸೂಫಿ ಕವಿ ಜಲಾಲುದ್ದೀನ್ ರೂಮಿಯ ಹೆಸರಿನಲ್ಲಿರುವುದೂ ಇದೇ ರೂಮ್. ಆತ ಬಾಳಿದ ಕೊನ್ಯಾ ನಗರ, ಸಂತ ಪೌಲರು ಬೋಧಿಸಿದ ಇಕೋನಿಯ.

1300ರ ಸುಮಾರಿಗೆ ಉಸ್ಮಾನ್ ಎಂಬ ನಾಯಕನ ವಂಶ ತಲೆಯೆತ್ತಿತು. ಆ ವಂಶದ 2ನೇ ಮೆಹ್ಮದ್ 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ. 1517ರಲ್ಲಿ ಈಜಿಪ್ಟ್ ಅವರ ವಶವಾಯಿತು. 16ನೇ ಶತಮಾನದಲ್ಲಿ ಸುಲೇಮಾನನ ಕಾಲಕ್ಕೆ ಹಂಗೇರಿಯಿಂದ ಬಾಗ್ದಾದಿನವರೆಗೆ ಅವರ ಆಳ್ವಿಕೆ ಹಬ್ಬಿತ್ತು. 1571ರ ಅಕ್ಟೋಬರ್ 7ರಂದು ಲೆಪಾಂಟೊ ಸಮುದ್ರಯುದ್ಧದಲ್ಲಿ ಅವರು ಸೋತರು. ಆ ದಿನದ ನೆನಪಿಗಾಗಿಯೇ ಜಪಸರ ಮಾತೆಯ ಹಬ್ಬ ಧರ್ಮಸಭೆಯ ಪಂಚಾಂಗಕ್ಕೆ ಬಂದದ್ದು. ಆದರೆ ನಮ್ಮ ಮಂಗಳೂರಿನ ರೊಸಾರಿಯೊ ದೇವಾಲಯ ಸ್ಥಾಪನೆಯಾದದ್ದು 1568ರಲ್ಲಿ, ಲೆಪಾಂಟೊಗೆ ಮೂರು ವರ್ಷ ಮೊದಲು. ಆ ಯುದ್ಧಕ್ಕೆ ಮೊದಲೇ ಈ ಕರಾವಳಿಯಲ್ಲಿ ಜಪಸರ ಮಾತೆಯ ಹೆಸರಿನಲ್ಲಿ ದೇವಾಲಯವೊಂದಿತ್ತು ಎಂಬುದನ್ನು ನಾವು ನೆನಪಿಡಬೇಕು.

ಮೊದಲ ಮಹಾಯುದ್ಧದಲ್ಲಿ ಉಸ್ಮಾನಿ ಸಾಮ್ರಾಜ್ಯ ಕುಸಿಯಿತು. 1915ರಿಂದ ಅಲ್ಲಿನ ಅರ್ಮೇನಿಯನ್ ಕ್ರೈಸ್ತರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕೊಲ್ಲಲ್ಪಟ್ಟರು, ಗಡೀಪಾರಾದರು. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ನಡುವೆ ಧರ್ಮದ ಆಧಾರದಲ್ಲಿ ಜನರ ವಿನಿಮಯವೇ ನಡೆಯಿತು. ಅದೇ ವರ್ಷದ ಅಕ್ಟೋಬರ್ 29ರಂದು ಮುಸ್ತಫಾ ಕೆಮಾಲ್ ಗಣರಾಜ್ಯ ಘೋಷಿಸಿದರು. 1924ರ ಮಾರ್ಚ್ 3ರಂದು ಖಿಲಾಫತ್ ಪದವಿಯನ್ನೇ ರದ್ದುಪಡಿಸಲಾಯಿತು. 20ನೇ ಶತಮಾನದ ಆರಂಭದಲ್ಲಿ ಆ ನೆಲದ ಐವರಲ್ಲಿ ಒಬ್ಬರು ಕ್ರೈಸ್ತರಿದ್ದರು. ಇಂದು ಅವರ ಪ್ರಮಾಣ ಶೇಕಡಾ ಒಂದಕ್ಕಿಂತಲೂ ಕಡಿಮೆ.

'ಕ್ರೈಸ್ತ' ಎಂಬ ಹೆಸರಿನ ತವರು

ನಮಗೆ ಈ ನೆಲ ಅಪರಿಚಿತವಲ್ಲ. ಸಂತ ಪೌಲರ ಹುಟ್ಟೂರು ತಾರ್ಸ ಅಲ್ಲಿದೆ. ಪ್ರಕಟನೆ ಗ್ರಂಥದ ಎಫೆಸ, ಸ್ಮುರ್ನ ಮುಂತಾದ ಏಳು ಸಭೆಗಳೂ ಅಲ್ಲಿನವೇ. ಕ್ರಿಸ್ಮಸ್ ತಾತನ ಕಥೆಗೆ ಮೂಲವಾದ ಸಂತ ನಿಕೊಲಾಸರು ಅಲ್ಲಿನ ಮೀರಾ ಪಟ್ಟಣದ ಧರ್ಮಾಧ್ಯಕ್ಷರು. ಭಾನುವಾರದ ಬಲಿಪೂಜೆಯಲ್ಲಿ ನಾವು ಹೇಳುವ ವಿಶ್ವಾಸ ಸಂಗ್ರಹಕ್ಕೆ ರೂಪ ಕೊಟ್ಟದ್ದು 325ರ ನೈಸಿಯಾ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳು.

ಆ ನೈಸಿಯಾ ಮಹಾಸಭೆಗೆ 1700 ವರ್ಷ ತುಂಬಿದ ನಿಮಿತ್ತವೇ ಜಗದ್ಗುರುಗಳ 2025ರ ಪ್ರವಾಸ ನಡೆಯಿತು. ಪೋಪ್ ಫ್ರಾನ್ಸಿಸ್ ಅವರು ಹೋಗಬೇಕೆಂದು ಬಯಸಿದ್ದರು. 2025ರ ಏಪ್ರಿಲ್ 21ರಂದು ಅವರು ನಿಧನರಾದರು. ನವೆಂಬರ್ 28ರಂದು ಪೋಪ್ ಲಿಯೋ ಮತ್ತು ಆರ್ಥೊಡಕ್ಸ್ ಸಭೆಯ ಪೇಟ್ರಿಯಾರ್ಕ್ ಬಾರ್ತೊಲೊಮಿಯ ಅವರು ಇಜ್ನಿಕ್ ಸರೋವರದ ದಡದಲ್ಲಿ, ಪುರಾತನ ದೇವಾಲಯವೊಂದರ ಅವಶೇಷಗಳ ಬಳಿ, ಒಟ್ಟಾಗಿ ಪ್ರಾರ್ಥಿಸಿದರು. ಜಗದ್ಗುರುಗಳು ಅಂಕಾರಾ ತಲುಪಿದ 27ರ ಗುರುವಾರ ಅವರ ಹುಟ್ಟುನಾಡು ಅಮೆರಿಕದಲ್ಲಿ ಕೃತಜ್ಞತಾ ಹಬ್ಬ, ಮನೆಮನೆಯಲ್ಲೂ ಟರ್ಕಿ ಕೋಳಿಯ ಊಟ. ಪೋರ್ಚುಗೀಸರು ಆ ಕೋಳಿಗೆ ಯಾವ ನಾಡಿನ ಹೆಸರಿಟ್ಟರೋ ಆ ಪೆರುವಿನಲ್ಲಿ ಅವರು ಹಿಂದೆ ಧರ್ಮಾಧ್ಯಕ್ಷರಾಗಿದ್ದರು. ಇದು ಕಾಕತಾಳೀಯ ಅಷ್ಟೆ, ಆದರೂ ಸ್ವಾರಸ್ಯಕರ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅಂತಿಯೋಕ್ಯ. ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲಿ ಎಂದು ಪ್ರೇಷಿತರ ಕಾರ್ಯಕಲಾಪಗಳು 11ನೇ ಅಧ್ಯಾಯ ತಿಳಿಸುತ್ತದೆ. ಅದು ಶಿಷ್ಯರು ತಾವಾಗಿ ಇಟ್ಟುಕೊಂಡ ಹೆಸರಲ್ಲ, ಊರವರು ಇಟ್ಟದ್ದು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಂತಿಯೋಕ್ಯ ಇಂದಿನ ತುರ್ಕಿಯ ಅಂತಾಕ್ಯಾ. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಆ ಊರು ನೆಲಸಮವಾಯಿತು. ತುರ್ಕಿಯಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಹತ್ತಿರದ ಇಸ್ಕೆಂದೆರುನ್ ಪಟ್ಟಣದಲ್ಲಿ ನಮ್ಮ ಕಥೋಲಿಕ ಪ್ರಧಾನಾಲಯವೂ ಕುಸಿಯಿತು. ಅದೇ ಪಟ್ಟಣದಲ್ಲಿ ಭಾರತೀಯ ಸೇನೆಯು 'ಆಪರೇಷನ್ ದೋಸ್ತ್' ಅಡಿಯಲ್ಲಿ ಆಸ್ಪತ್ರೆ ತೆರೆದು ಗಾಯಾಳುಗಳ ಶುಶ್ರೂಷೆ ಮಾಡಿತು.

ಮಂಗಳೂರಿನ ನಂಟು

ತುರ್ಕಿ ಮತ್ತು ಮಂಗಳೂರಿನ ಚರಿತ್ರೆ ಎರಡು ಬಾರಿ ಹತ್ತಿರ ಬಂದಿದೆ. ಮೊದಲನೆಯದು ಟಿಪ್ಪು ಸುಲ್ತಾನನ ಕಾಲದಲ್ಲಿ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪ ಹೊತ್ತು ಕರಾವಳಿಯ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆಯೇ ಉಳಿದವರು ಊರಿಗೆ ಮರಳಿದ್ದು. ಆ ಸೆರೆಯ ನೆನಪು ನಮ್ಮ ಮನೆತನಗಳಲ್ಲಿ ಇನ್ನೂ ಆರಿಲ್ಲ.

ಸೆರೆಯ ಎರಡು ವರ್ಷಗಳ ಬಳಿಕ, 1786ರಲ್ಲಿ, ಟಿಪ್ಪು ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ರಾಯಭಾರಿಗಳನ್ನು 'ರೂಮ್'ನ ಸುಲ್ತಾನನ ಬಳಿಗೆ ಕಳುಹಿಸಿದ. ಇಂಗ್ಲಿಷರ ವಿರುದ್ಧ ನೆರವು, ಕುಶಲಕರ್ಮಿಗಳು ಮತ್ತು ವ್ಯಾಪಾರದ ಅನುಕೂಲ ಅವನ ಬೇಡಿಕೆಗಳಾಗಿದ್ದವು. ಬಸ್ರಾ ಬಂದರು ತನಗೆ ದೊರೆತರೆ ಬದಲಿಗೆ ಮಂಗಳೂರು ಬಂದರನ್ನು ಬಿಟ್ಟುಕೊಡುವ ಪ್ರಸ್ತಾಪವೂ ಅದರಲ್ಲಿತ್ತು! ದಾರಿಯಲ್ಲಿ ರೋಗದಿಂದ, ಹಡಗಿನ ಅವಘಡಗಳಿಂದ ಹಲವರು ಸತ್ತರು. ರಷ್ಯದೊಂದಿಗೆ ಯುದ್ಧಕ್ಕಿಳಿದಿದ್ದ ಉಸ್ಮಾನಿ ಸುಲ್ತಾನನಿಗೆ ಇಂಗ್ಲಿಷರ ಸ್ನೇಹ ಬೇಕಾಗಿತ್ತು. ಸೈನ್ಯದ ನೆರವು ಬರಲಿಲ್ಲ. 1798ರಲ್ಲಿ ಸುಲ್ತಾನ 3ನೇ ಸಲೀಮ್ ಫ್ರೆಂಚರ ಸಂಗ ಬಿಡುವಂತೆ ಟಿಪ್ಪುವಿಗೇ ಪತ್ರ ಬರೆದ. ಧರ್ಮ ಒಂದೇ ಆದ ಮಾತ್ರಕ್ಕೆ ದೊರೆಗಳ ಹಿತ ಒಂದೇ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯ ನಂಟು 1920ರದ್ದು. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಅಶ್ವಪಡೆ ಬ್ರಿಟಿಷರ ಪರವಾಗಿ ತುರ್ಕರ ವಿರುದ್ಧ ಹೋರಾಡಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಸೈನ್ಯದಲ್ಲಿ ಅದೂ ಇತ್ತು. ಸೋತ ತುರ್ಕಿಯನ್ನು ಹಂಚಿಕೊಳ್ಳುವ ಸೆವ್ರ್ ಒಪ್ಪಂದಕ್ಕೆ 1920ರ ಆಗಸ್ಟ್ 10ರಂದು ಸಹಿ ಬಿತ್ತು. ಆಗಸ್ಟ್ 19ರಂದು ಗಾಂಧೀಜಿ, ಮೌಲಾನಾ ಶೌಕತ್ ಅಲಿಯವರೊಂದಿಗೆ ಮಂಗಳೂರಿಗೆ ಮೊದಲ ಬಾರಿ ಬಂದರು. ಖಿಲಾಫತ್ ಮತ್ತು ಅಸಹಕಾರ ಅವರ ವಿಷಯವಾಗಿತ್ತು. ದೂರದ ತುರ್ಕಿಯ ಅಳಲನ್ನು ನೆಪವಾಗಿಟ್ಟು ಇಲ್ಲಿನ ನೆರೆಹೊರೆಯವರನ್ನು ಒಂದುಗೂಡಿಸುವುದು ಗಾಂಧೀಜಿಯವರ ಆಶಯ. ಆ ಒಗ್ಗಟ್ಟು ಹೆಚ್ಚು ಕಾಲ ಬಾಳಲಿಲ್ಲ, ನಿಜ. ಕೊನೆಗೆ ಖಿಲಾಫತ್ ಪದವಿಯನ್ನು ತೆಗೆದುಹಾಕಿದ್ದು ತುರ್ಕರೇ. ಆದರೂ ಅಂದು ತುರ್ಕಿಯ ಹೆಸರು ಈ ಊರಿನಲ್ಲಿ ಜನರನ್ನು ಕೂಡಿಸಲು ಬಳಕೆಯಾಯಿತು ಎಂಬುದು ಗಮನಾರ್ಹ.

ಸರಕಾರದ ಮುನಿಸು, ನೆರೆಯವರ ಪಾಡು

2025ರ ಮೇ ತಿಂಗಳಲ್ಲಿ ಅದು ತಿರುಗುಮುರುಗಾಯಿತು. ಪಾಕಿಸ್ತಾನಕ್ಕೆ ತುರ್ಕಿ ಬೆಂಬಲ ಕೊಟ್ಟಿತು. ಅಲ್ಲಿ ತಯಾರಾದ ಡ್ರೋನುಗಳು ಭಾರತದ ವಿರುದ್ಧ ಬಳಕೆಯಾದವು. ಮೇ 15ರಂದು ನಮ್ಮ ಸರಕಾರ ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ತುರ್ಕಿ ಮೂಲದ ಸೆಲೆಬಿ ಸಂಸ್ಥೆಯ ಭದ್ರತಾ ಅನುಮತಿಯನ್ನು ರದ್ದು ಮಾಡಿತು. ತುರ್ಕಿಯ ಸೇಬು, ಪ್ರವಾಸಗಳ ಬಹಿಷ್ಕಾರಕ್ಕೆ ಕರೆಗಳು ಬಂದವು. ದೇಶದ ಭದ್ರತೆಯ ವಿಷಯದಲ್ಲಿ ಸರಕಾರ ಕ್ರಮ ಕೈಗೊಳ್ಳುವುದು ಸಹಜ; ಯಾವ ಸೇಬು ಕೊಳ್ಳಬೇಕು ಎಂಬುದು ಕೊಳ್ಳುವವರ ಇಷ್ಟ. ಎರಡು ವರ್ಷಗಳ ಹಿಂದೆಯಷ್ಟೇ ನಮ್ಮ ನೆರವು ಪಡೆದ ದೇಶದ ನಡೆಯಿಂದ ನಮಗೂ ನೋವಾಗಿದೆ.

ಆದರೆ ಅದೇ ದಿನಗಳಲ್ಲಿ ನಮ್ಮ ಜಿಲ್ಲೆ ಉರಿಯುತ್ತಿತ್ತು. ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗಿನ ಒಂದು ತಿಂಗಳಲ್ಲಿ ಮಂಗಳೂರು ಮತ್ತು ಬಂಟ್ವಾಳ ಪರಿಸರದಲ್ಲಿ ಮೂರು ಕೊಲೆಗಳು ನಡೆದು ಜನ ಭಯದಲ್ಲಿದ್ದರು. ಕೋಮು ಹಿಂಸೆ ತಡೆಯಲು ರಾಜ್ಯ ಸರಕಾರ ವಿಶೇಷ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ಇಂತಹ ಹೊತ್ತಿನಲ್ಲಿ ದೂರದ ದೇಶದ ಮೇಲಿನ ಸಿಟ್ಟು ಬೀದಿಯ ನೆರೆಯವನ ಮೇಲೆ ತಿರುಗಲು ಒಂದು ಪದ ಸಾಕು. ಹಳೆಗಾಲದಲ್ಲಿ 'ತುರುಷ್ಕ' ಎಂದರೆ ತುರ್ಕ ಕುಲದ ಸೈನಿಕ. ಕ್ರಮೇಣ ಅದರ ರೂಪವಾದ 'ತುರುಕ' ಎಂಬುದು ಮುಸ್ಲಿಮರೆಲ್ಲರನ್ನೂ ಸೂಚಿಸುವ ಮಾತಾಗಿ, ಕೊನೆಗೆ ಬೈಗುಳವಾಯಿತು. ನಮ್ಮ ಬ್ಯಾರಿ ಬಂಧುಗಳಿಗೂ ತುರ್ಕಿಗೂ ಏನು ಸಂಬಂಧ? ಅವರ ಮಾತು ಈ ಕರಾವಳಿಯದು, ಅವರ ವ್ಯಾಪಾರ, ಮೀನು, ಅಕ್ಕಿರೊಟ್ಟಿ ಈ ಕರಾವಳಿಯದು. ಮೆಕ್ಸಿಕೊದ ಹಕ್ಕಿಗೆ ತುರ್ಕಿಯ ಹೆಸರಿಟ್ಟಷ್ಟೇ ತಪ್ಪು ಈ ಹೆಸರು. ಹಕ್ಕಿಗೆ ಅದರಿಂದ ನೋವಿಲ್ಲ, ಮನುಷ್ಯನಿಗಿದೆ.

ಈ ನೋವು ನಮಗೆ ಓದಿ ತಿಳಿಯಬೇಕಾದದ್ದಲ್ಲ. 'ಪರಂಗಿ', 'ವಿದೇಶಿ ಧರ್ಮದವರು' ಎಂಬ ಮಾತುಗಳನ್ನು ನಾವು ಕೇಳಿದ್ದೇವೆ. 1784ರಲ್ಲಿ ನಮ್ಮ ಹಿರಿಯರನ್ನು ಮನೆಯಿಂದ ಹೊರಡಿಸಿದ್ದು ಪರದೇಶದವರ ಪಕ್ಷದವರು ಎಂಬ ಶಂಕೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಆರಾಧನಾ ಮಠದ ಮೇಲೆ ದಾಳಿ ನಡೆದಾಗಲೂ ಅದೇ ಬಗೆಯ ಮಾತುಗಳು ಹಾರಾಡಿದವು. ಹೀಗಿರುವಾಗ ಅದೇ ಅಳತೆಗೋಲನ್ನು ನಾವು ಇನ್ನೊಬ್ಬರ ಮೇಲೆ ಹಿಡಿಯಬಹುದೇ? ಅತ್ತ ತುರ್ಕಿಯಲ್ಲಿ ಉಳಿದಿರುವ ಬೆರಳೆಣಿಕೆಯ ಕ್ರೈಸ್ತರೂ ಇದೇ ಕಷ್ಟ ಅನುಭವಿಸುತ್ತಾರೆ. ಕ್ರೈಸ್ತ ಎಂಬ ಹೆಸರು ಹುಟ್ಟಿದ ನೆಲದಲ್ಲೇ ಅವರನ್ನು ಪರಕೀಯರೆಂದು ನೋಡುವವರಿದ್ದಾರೆ. 1935ರಿಂದ ವಸ್ತುಸಂಗ್ರಹಾಲಯವಾಗಿದ್ದ ಹಾಗಿಯಾ ಸೋಫಿಯಾ 2020ರ ಜುಲೈಯಲ್ಲಿ ಮತ್ತೆ ಮಸೀದಿಯಾದಾಗ ಅವರಿಗಾದ ನೋವನ್ನು ನಾವು ಬಲ್ಲೆವು. ಅದಕ್ಕೆ ಮಂಗಳೂರಿನ ಬಂದರಿನಲ್ಲಿ ಮೀನು ಮಾರುವ ಮುಸ್ಲಿಮನು ಉತ್ತರ ಕೊಡಬೇಕಾಗಿಲ್ಲ. ಯುರೋಪಿನ ರಾಜರು ಮಾಡಿದ್ದಕ್ಕೆ ನಾವು ಹೇಗೆ ಉತ್ತರ ಕೊಡಬೇಕಾಗಿಲ್ಲವೋ ಹಾಗೆ.

ನಾವು ಏನು ಮಾಡಬಹುದು?

ಪ್ರಿಯ ಓದುಗರೇ, ನಮ್ಮ ಊರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ 'ಮಂಗಳೂರು' ಎಂದೇ ಬರೆಯಬೇಕೆಂದು ನಿರ್ಧಾರವಾದಾಗ ನಮಗೆ ಸಂತೋಷವಾಯಿತು. ಇಷ್ಟು ಹೆಸರುಗಳು ಒಂದೇ ಊರಿನಲ್ಲಿ ಜಗಳವಿಲ್ಲದೆ ಬಾಳಿವೆ, ಏಕೆಂದರೆ ಪ್ರತಿಯೊಂದನ್ನೂ ಇಲ್ಲಿ ಬಾಳುವ ಜನರೇ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ತುರ್ಕಿಯವರು ತಮ್ಮ ಹೆಸರಿಗಾಗಿ ಕೇಳಿದ್ದೂ ಇಷ್ಟನ್ನೇ. ಆ ದೇಶದ ನೀತಿಯನ್ನು ಒಪ್ಪದೆಯೂ ಅದರ ಹೆಸರನ್ನು ಸರಿಯಾಗಿ ಹೇಳಬಹುದು.

ನಮ್ಮ ಧರ್ಮಕೇಂದ್ರಗಳಲ್ಲಿ ಕೆಲವು ಸಣ್ಣ ಕೆಲಸಗಳು ಸಾಧ್ಯ. ಧರ್ಮೋಪದೇಶ ತರಗತಿಗಳಲ್ಲಿ ಸಂತ ಪೌಲರ ಪ್ರಯಾಣದ ನಕ್ಷೆ ತೋರಿಸುವಾಗ ಇಂದಿನ ತುರ್ಕಿಯ ಊರುಗಳ ಹೆಸರನ್ನೂ ಮಕ್ಕಳಿಗೆ ಹೇಳಿಕೊಡೋಣ. ವಾಳೆಯ ಕೂಟಗಳಲ್ಲಿ ಗುರ್ಕಾರರು ವಿಶ್ವಾಸ ಸಂಗ್ರಹದ ಚರಿತ್ರೆಯನ್ನು ಚರ್ಚೆಗೆ ಇಡಬಹುದು. ಭೂಕಂಪದಿಂದ ಮನೆಮಠ ಕಳೆದುಕೊಂಡ ಅಂತಾಕ್ಯಾದ ಜನರನ್ನು, ಯಾವ ಧರ್ಮದವರೇ ಇರಲಿ, ಪ್ರಾರ್ಥನೆಯಲ್ಲಿ ನೆನೆಯೋಣ. ಮೊಬೈಲಿನಲ್ಲಿ ಒಂದು ಸಮುದಾಯವನ್ನು ಹೊರಗಿನವರೆಂದು ಹೀಯಾಳಿಸುವ ಸಂದೇಶ ಬಂದರೆ ಅದನ್ನು ನಮ್ಮಲ್ಲಿಗೇ ನಿಲ್ಲಿಸೋಣ. ಕ್ರಿಸ್ಮಸ್ ಬಂದಾಗ ನೆರೆಮನೆಗೆ ಕುಸ್ವಾರ್ ತಟ್ಟೆ ಹೋಗುವ ಪದ್ಧತಿ ಕೆಲವು ಬೀದಿಗಳಲ್ಲಿ ಈಚೆಗೆ ಕಡಿಮೆಯಾಗಿದೆ. ಅದನ್ನು ಮತ್ತೆ ಆರಂಭಿಸೋಣ. ಬಾಗಿಲು ತಟ್ಟುವಾಗ ಆ ಮನೆಯವರನ್ನು ಅವರ ಹೆಸರು ಹಿಡಿದೇ ಕರೆಯೋಣ.